ಮಳೆಗಾಲಕ್ಕೆ ಹುರುಳಿ ಸಾರು

ಮಳೆ ಬಿಡುವು ಕೊಟ್ಟಾಗ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಿ, ನೆನೆದು ಮನೆ ಸೇರಿದವರಿಗೆ ಹುರುಳಿ ಸಾರಿನಷ್ಟು ಹಿತವಾದುದು ಬೇರೆ ಇಲ್ಲ. ಮಂಗಳೂರಿನ ಕಡೆ ನಾವು ಇದನ್ನು ಕುಡುತ ಸಾರು ಎನ್ನುತ್ತೇವೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ.

ಕೊಡಗಿನವರು ಹಂದಿಮಾಂಸಕ್ಕೆ ಉಪ್ಪು, ಅರಿಸಿನ ಹಚ್ಚಿ ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುವುದುಂಟು. ಇದನ್ನೂ ಸಾರಿಗೆ ಸೇರಿಸಬಹುದು. ಮೊದಲ ಸಲ ನಾವು ಕಾಚಂಪುಳಿಯನ್ನು ಆರಂಭದಲ್ಲೇ ಸುರಿದು ಕೆಟ್ಟೆವು. ಹುಳಿ ಬಿದ್ದ ಹುರುಳಿ ಬೇಯದೆ ಕಲ್ಲಿನಂತೆ ಉಳಿಯಿತು.

ಕಾಲು ಕಿಲೋ ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಚುಕಿದರೆ ನುರಿಯುವಷ್ಟು ಬೇಯಿಸಿರಿ. ಬೆಂದ ಕಟ್ಟನ್ನು ಚೆಲ್ಲಬೇಡಿರಿ, ಸಾರಿನ ಸತ್ವ ಅದರಲ್ಲೇ ಇದೆ. 150 ಗ್ರಾಂ ಮಾಂಸವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ಉಪ್ಪುನೀರು ಚೆಲ್ಲಿ, ಸಣ್ಣದಾಗಿ ಹೆಚ್ಚಿ ಬೇರೆಯಾಗಿ ಬೇಯಿಸಬೇಕು. ಹೊಗೆ ತಗುಲಿದ ಮಾಂಸ ಬೆಂದಂತೆಯೇ ಎಂಬ ನಂಬಿಕೆ ತಪ್ಪು: ಹೊರಗೆ ಒಣಗಿದರೂ ಒಳಗಿನ ಲಾಡಿಹುಳುವಿನ ಮರಿಗಳು ಸಾಯುತ್ತವೆಂಬ ಭರವಸೆಯಿಲ್ಲ. ತುಂಡಿನ ನಡುವೆ ಕೆಂಪು ಉಳಿಯಬಾರದು.

ಆಮೇಲೆ ಎರಡನ್ನೂ ಕೂಡಿಸಿ ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು, ಕೊತ್ತಂಬರಿಯೊಂದಿಗೆ ಕಾಲು ಗಂಟೆ ಕುದಿಸಿ, ರುಚಿ ನೋಡಿ ಉಪ್ಪು ಹಾಕಿರಿ. ಕಾಚಂಪುಳಿ ಕೊನೆಗೆ ಒಂದು ಚಮಚ, ಇಲ್ಲದಿದ್ದರೆ ಪುನರ್ಪುಳಿ. ಮಾಂಸ ಮುಟ್ಟದ ಸದಸ್ಯರು (ನಮ್ಮಲ್ಲಿ ಅವರೇ ಹೆಚ್ಚು!) ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರಾಯಿತು. ಉಣ್ಣುವ ಮೊದಲು ಮೈಲುತುತ್ತದ ಕೈಯನ್ನು ಸಾಬೂನಿನಿಂದ ತೊಳೆಯಲು ಮರೆಯದಿರಿ.