ತಾತನ ತುಪಾಕಿ ಗಟ್ಟಿ, ದುರ್ಬೀನಿಗೆ ಮಾತ್ರ ಮುಪ್ಪು

ಕೋಸಗಿ: ಆದೋನಿ ತಾಲ್ಲೂಕು 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ಕಾಲದ ತುಪಾಕಿಯನ್ನು ಲೈಸೆನ್ಸ್ ಸಮೇತ ಉಳಿಸಿಕೊಂಡ ಮನೆಗಳು ಗಡಿ ಭಾಗದಲ್ಲಿ ಬೆರಳೆಣಿಕೆಯಷ್ಟು. ಅದರ ಮೇಲೆ ಕೂರಿಸುವ ದುರ್ಬೀನು ಇರುವ ಮನೆ ಇನ್ನೂ ಅಪರೂಪ. ‘ತುಪಾಕಿಗೆ ಏನೂ ಆಗಿಲ್ರೀ, ದುರ್ಬೀನು ಮಂಕಾಗ್ಯದ’ ಎಂಬುದು ಅಂಥ ಮನೆಗಳ ದೂರು.

ದೂರಿನಲ್ಲಿ ಹುರುಳಿದೆ. ತುಪಾಕಿ ಬರೀ ಉಕ್ಕು. ಎಣ್ಣೆ ಸವರಿ ಒಣಗಿದ ಜಾಗದಲ್ಲಿಟ್ಟರೆ ಮೂರು ತಲೆಮಾರು ಬಾಳುತ್ತದೆ. ದುರ್ಬೀನಿನೊಳಗೆ ಗಾಜು, ಅಂಟು, ಸ್ಪ್ರಿಂಗು, ರಬ್ಬರ್ ಉಂಗುರ ಎಲ್ಲವೂ ಇವೆ. ಒಂದೊಂದಕ್ಕೆ ಒಂದೊಂದು ಆಯುಷ್ಯ. ಮೊದಲಿನವಕ್ಕೆ ಗಾಳಿ ನುಸುಳದಂತೆ ಸರಿಯಾದ ಮುಚ್ಚಿಗೆಯೇ ಇರಲಿಲ್ಲ. ದುರ್ಬೀನಿಗೆ ಮಂಜು ಕಟ್ಟಿ ಜಿಂಕೆ ತಪ್ಪಿಸಿಕೊಂಡಿತೆಂಬ ಸಿಟ್ಟಿಗೆ ಅಮೆರಿಕದ ಮಾರ್ಕಸ್ ಲ್ಯೂಪೋಲ್ಡ್ ತಾನೇ ದುರ್ಬೀನು ಮಾಡಲು ಹೊರಟ ಎಂದು ಅವರ ಕಂಪನಿಯವರು ಕಥೆ ಹೇಳುತ್ತಾರೆ. ಅದು 1940ರ ದಶಕದ ಮಾತು. ಆಮೇಲೆ ಕೊಳವೆಯೊಳಗಿನ ಗಾಳಿ ತೆಗೆದು ಒಣ ಸಾರಜನಕ ತುಂಬಿ ಮುಚ್ಚುವುದು ರೂಢಿಯಾಯಿತು.

ಮಲೆನಾಡಿನಲ್ಲಿ ದುರ್ಬೀನಿನ ಶತ್ರು ತೇವ. ಗಾಜಿನ ಮೇಲೆ ಜೇಡರ ಬಲೆಯಂತೆ ಬೂಸ್ಟು ಹಬ್ಬುತ್ತದೆ. ನಮ್ಮ ಕಡೆ ಮಳೆಯೇ ಕಮ್ಮಿ, ಬೂಸ್ಟಿನ ಕಾಟವೂ ಕಮ್ಮಿ. ಇಲ್ಲಿ ಕೆಡಿಸುವುದು ಬಿಸಿಲು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿದಾಗ ತಗಡಿನ ಟ್ರಂಕಿನೊಳಗೆ ಹೇಗಿರುತ್ತದೆ ಯೋಚಿಸಿ. ರಬ್ಬರ್ ಗಡುಸಾಗಿ ಬಿರಿಯುತ್ತದೆ, ಗ್ರೀಸು ಒಣಗುತ್ತದೆ, ಸಾರಜನಕ ಸೋರಿ ಹೋಗುತ್ತದೆ. ಮುಂದಿನ ಮುಂಗಾರಿಗೆ ತೇವ ಒಳಗೆ! ಅದಕ್ಕೇ ಟ್ರಂಕಿಗಿಂತ ಮಣ್ಣಿನ ಮಾಳಿಗೆ ಮನೆಯ ತಂಪು ಕೋಣೆ ಮೇಲು. ಚರ್ಮದ ಚೀಲ ನೋಡಲು ಚೆಂದ, ಆದರೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೇಡ.

ಇದಕ್ಕಿಂತ ಅಪಾಯದ್ದು ಹೊರಗೆ ಕಾಣದ ದೋಷ. ಪ್ರತಿ ಗುಂಡಿನ ಒದೆತ ಒಳಗಿನ ಸ್ಪ್ರಿಂಗನ್ನು ಸಡಿಲಿಸುತ್ತದೆ. ಗಾಜು ಸ್ವಚ್ಛ, ಅಡ್ಡಗೆರೆಯೂ ನೆಟ್ಟಗೆ, ಗುರಿ ಮಾತ್ರ ಪಕ್ಕಕ್ಕೆ. ಹತ್ತಿ ಬಿಡಿಸುವವರು ಇರುವ ಹೊಲದ ಕಡೆ ಹಾರುವ ಗುಂಡಿಗೆ ಒಂದು ಮೊಳದ ತಪ್ಪೂ ದೊಡ್ಡದೇ. ಲೈಸೆನ್ಸ್ ಬೇಡದ ಏರ್‌ಗನ್‌ಗೆ ಅಗ್ಗದ ದುರ್ಬೀನು ಕಟ್ಟುವ ಹುಡುಗರಿಗೂ ಇದು ಗೊತ್ತಿರಲಿ. ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ. ದೊಡ್ಡ ರೈಫಲ್ ಮೇಲೆ ಬಾಳಿದ ದುರ್ಬೀನೂ ಅದರ ಮೇಲೆ ಕೆಟ್ಟದ್ದುಂಟು.

ಇನ್ನು ಬೇಟೆಯ ಮಾತೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಚಿಗರಿಯನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು. ಬೆಳೆ ಮೇಯ್ದಿತೆಂಬ ಸಬೂಬು ನಡೆಯದು. ಏರ್‌ಗನ್ನಿಂದ ಹೊಡೆದರೂ ಅದೇ ಕಾಯ್ದೆ.

ಮನೆಯಲ್ಲಿ ದುರ್ಬೀನಿದ್ದವರು ಒಂದು ಕೆಲಸ ಮಾಡಬಹುದು. ತುಪಾಕಿಯಿಂದ ಬಿಚ್ಚಿ, ಕತ್ತಲ ಕೋಣೆಯಲ್ಲಿ ಒಂದು ತುದಿಯಿಂದ ಬ್ಯಾಟರಿ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಎಳೆ ಎಳೆಯಾಗಿ ಕಂಡರೆ ಬೂಸ್ಟು, ಹೊಗೆಯಂತಿದ್ದರೆ ತೇವ, ಅಂಚಿನಲ್ಲಿ ಹಳದಿ ಬಣ್ಣವಿದ್ದರೆ ಗಾಜಿನ ಅಂಟು ಹಳತಾಗಿದೆ. ವಾಚ್ ರಿಪೇರಿಯವನ ಕೈಗೆ ಕೊಟ್ಟು ಬಿಚ್ಚಿಸಲು ಹೋಗಬೇಡಿ. ಒಮ್ಮೆ ಮುಚ್ಚಿಗೆ ತೆರೆದರೆ ಸಾರಜನಕ ತುಂಬುವ ಸೌಕರ್ಯ ಕೋಸಗಿಯಲ್ಲೂ ಇಲ್ಲ, ಆದೋನಿಯಲ್ಲೂ ಇಲ್ಲ. ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದ ತುಪಾಕಿ ವಾಪಸು ಬಂದಾಗಲೂ ಹಳೆಯ ಗುರಿಯನ್ನೇ ನಂಬಬೇಡಿ. ಎತ್ತಿಡುವಾಗ ಬಿದ್ದ ಪೆಟ್ಟು ರಸೀದಿಯಲ್ಲಿ ಬರೆದಿರುವುದಿಲ್ಲ.