ಎಳೆಯ ಬೆನ್ನು ನೋಯುವಾಗ

ಐದು ವರ್ಷದೊಳಗಿನ ಮಗು ಬೆನ್ನು ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಮೊನ್ನೆಯವರೆಗೆ ಮನೆ ತುಂಬ ಓಡಾಡುತ್ತಿದ್ದ ಕೂಸು ಈಗ ನಡೆಯಲೊಲ್ಲದು. ಕೂರಿಸಿದರೆ ಅಳುತ್ತದೆ, ಚಡ್ಡಿ ಹಾಕಲು ಕಾಲೆತ್ತಿದರೆ ಚೀರುತ್ತದೆ. ಮನೆಯವರು ಹಟವೆಂದುಕೊಳ್ಳುತ್ತಾರೆ. ಪರೀಕ್ಷೆಯೂ ಎಷ್ಟೋ ಸಲ ಕಾಲು, ಸೊಂಟದ ಕೀಲಿನಲ್ಲೇ ಮುಗಿದುಹೋಗುತ್ತದೆ.

ಇಂಥ ಬೆನ್ನುನೋವಿಗೆ ಎಳೆಯ ವಯಸ್ಸಿನಲ್ಲೇ ಹೆಚ್ಚಾಗಿ ಕಾಣುವ ಒಂದು ಕಾರಣವೆಂದರೆ ಡಿಸ್ಕಿನ ಸೋಂಕು. ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಯೇ ಡಿಸ್ಕ್. ದೊಡ್ಡವರಲ್ಲಿ ಅದರೊಳಗೆ ರಕ್ತನಾಳಗಳು ಹೆಚ್ಚುಕಡಿಮೆ ಇರುವುದೇ ಇಲ್ಲ. ಚಿಕ್ಕ ಮಕ್ಕಳಲ್ಲಿ ಮಾತ್ರ ಪಕ್ಕದ ಮೂಳೆಯಿಂದ ಸಣ್ಣ ನಾಳಗಳು ಅದರತ್ತ ಹಾಯ್ದಿರುತ್ತವೆ, ಬೆಳೆಯುತ್ತ ಮುಚ್ಚಿಹೋಗುತ್ತವೆ. ರಕ್ತಕ್ಕೆ ಸೇರಿದ ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಕ್ಕೆ ಇದೇ ದಾರಿ. ಜ್ವರ ಸಣ್ಣದಾಗಿರಬಹುದು, ಇಲ್ಲದೆಯೂ ಇರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದೇ ಹೆಚ್ಚು. ಎಂಆರ್‌ಐ ಬೇಗ ಹಿಡಿಯುತ್ತದೆ. ಹಾಗಾಗಿ ‘ಎಕ್ಸ್‌ರೇ ಸರಿಯಿದೆ’ ಎಂಬ ಮಾತಿಗೇ ಸಮಾಧಾನಪಟ್ಟು ಸುಮ್ಮನಾಗಬಾರದು. ಸಕಾಲದಲ್ಲಿ ಗೊತ್ತಾದರೆ ಆಂಟಿಬಯಾಟಿಕ್‌ನಿಂದ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಮರೆಯಲೇಬಾರದ ಇನ್ನೊಂದು ಕಾರಣ ಬೆನ್ನುಮೂಳೆಯ ಕ್ಷಯ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ ಕಾಯಿಲೆಯಿದು. ನಿಧಾನವಾಗಿ ಬರುತ್ತದೆ: ಸಂಜೆ ಜ್ವರ, ಇಳಿಯುವ ತೂಕ, ಸೆಟೆದ ಬೆನ್ನು, ಕೆಲವೊಮ್ಮೆ ಬೆನ್ನಿನ ನಡುವೆ ಗೂನಿನಂಥ ಉಬ್ಬು. ನೆಲದ ಮೇಲೆ ಆಟಿಕೆ ಇಟ್ಟು ನೋಡಿ. ನೋವಿರುವ ಮಗು ಸೊಂಟ ಬಗ್ಗಿಸದೆ, ಬೆನ್ನನ್ನು ನೆಟ್ಟಗಿಟ್ಟು, ಮಂಡಿ ಮಡಿಸಿ ಕುಕ್ಕರಿಸಿ ಅದನ್ನೆತ್ತಿಕೊಳ್ಳುತ್ತದೆ. ಡಿಸ್ಕಿನ ಸೋಂಕಿನಲ್ಲೂ ಹೀಗಾಗಬಹುದು.

ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಿನ ಹಿಂದೆ ವಿರಳವಾಗಿ ರಕ್ತದ ಕ್ಯಾನ್ಸರ್ ಅಥವಾ ಗೆಡ್ಡೆಯೂ ಇರಬಹುದು. ಮೂತ್ರಪಿಂಡದ ಸೋಂಕು, ನ್ಯುಮೋನಿಯಾ, ಮಲಬದ್ಧತೆ ಕೂಡ ಬೆನ್ನುನೋವಾಗಿ ಕಾಣಿಸಿಕೊಳ್ಳುವುದುಂಟು.

ಇಷ್ಟಿದ್ದರೂ ನಾವು ಮೊದಲು ದೂರುವುದು ಶಾಲಾ ಚೀಲವನ್ನು. ಒಂದು, ಎರಡನೇ ತರಗತಿಯ ಚೀಲ 2 ಕೆ.ಜಿ. ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲೇ ಆದೇಶಿಸಿದೆ, ಒಳ್ಳೆಯ ನಿಯಮವೇ. ಆದರೆ ಚೀಲದ ಭಾರವೇ ಬೆನ್ನುನೋವು ತರುತ್ತದೆ ಎನ್ನಲು ಅಧ್ಯಯನಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ. ದೊಡ್ಡ ಮಕ್ಕಳ ನೋವು ಹೆಚ್ಚಾಗಿ ಸ್ನಾಯುವಿನದು, ತಾನೇ ವಾಸಿಯಾಗುತ್ತದೆ. ಐದರೊಳಗಿನವರ ವಿಷಯದಲ್ಲಿ ಆ ಭರವಸೆ ಇಟ್ಟುಕೊಳ್ಳಬೇಡಿ.

ಉಳುಕು ತೆಗೆಸಲು, ಎಣ್ಣೆ ಹಚ್ಚಿ ತೀಡಿಸಲು ದಯವಿಟ್ಟು ಕರೆದೊಯ್ಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಕಾಲಿನ ಬಲ ಕುಗ್ಗಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.