ಕರಣೆಯೊಳಗಿನ ಗಣಿತ

ಡೊಳ್ಳಿನ ಪೆಟ್ಟಿನಲ್ಲಿ ಗುಡುಗಿದೆ, ಆದರೆ ಹಾಡುಗಾರರು ಹಿಡಿದು ಹಾಡಬಲ್ಲ ಸ್ವರ ಅದರಲ್ಲಿ ಸಿಗುವುದಿಲ್ಲ. ತಂಬೂರಿಯಲ್ಲಿ ಸಿಗುತ್ತದೆ. ತಂತಿ ಮೀಟಿದಾಗ ಅದು ತನ್ನ ಮೂಲ ಕಂಪನಾಂಕದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನಲ್ಲೂ ಕಂಪಿಸುತ್ತದೆ. ಈ ಪೂರ್ಣಾಂಕಗಳ ನಂಟಿನಿಂದಾಗಿ ಕಿವಿ ಎಲ್ಲವನ್ನೂ ಕೂಡಿಸಿ ಒಂದೇ ಸ್ವರವಾಗಿ ಕೇಳುತ್ತದೆ. ಬಿಗಿದ ದುಂಡನೆಯ ಚರ್ಮಕ್ಕೆ ಆ ನಂಟಿಲ್ಲ. ಅದರ ಕಂಪನಾಂಕಗಳು 1, 1.59, 2.14, 2.30, 2.65 ಹೀಗೆ ಹೊಂದಾಣಿಕೆಯಿಲ್ಲದೆ ಏರುತ್ತವೆ.

ಹಾಗಿದ್ದರೆ ಚರ್ಮವಾದ್ಯವೇ ಆದ ಮೃದಂಗ ಷಡ್ಜಕ್ಕೆ ಕೂಡುವುದು ಹೇಗೆ? ಇದನ್ನು ಭೌತವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡವರು ಸಿ.ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ಶಿವಕಾಳಿ ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಪುಟ್ಟ ಲೇಖನ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದನ್ನು ವಿಸ್ತರಿಸಿದರು. ಬಳಸಿದ ಸಾಮಗ್ರಿ ನುಣುಪಾದ ಮರಳು. ಮೃದಂಗದ ಚರ್ಮದ ಮುಚ್ಚಿಗೆಯ ಮೇಲೆ ಉದುರಿಸಿದ ಮರಳು ಪೆಟ್ಟು ಬಿದ್ದೊಡನೆ ಅಲುಗದ ಗೆರೆಗಳಿಗೆ ಸರಿದು ನಿಲ್ಲುತ್ತದೆ. ಚರ್ಮದ ಯಾವ ಭಾಗ ಹೇಗೆ ಕಂಪಿಸಿತೆಂಬುದು ಕಣ್ಣಿಗೇ ಕಾಣುತ್ತದೆ.

ಗುಟ್ಟು ಇರುವುದು ಬಲಮುಚ್ಚಿಗೆಯ ನಡುವಿನ ಕಪ್ಪು ಕರಣೆಯಲ್ಲಿ. ಕಿಟ್ಟದ ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಕಲಸಿ, ಪದರದ ಮೇಲೆ ಪದರ ಹಚ್ಚಿ, ಉಜ್ಜಿ ಉಜ್ಜಿ ಅದನ್ನು ಮಾಡುತ್ತಾರೆ. ಮೂಲ ಕಂಪನದಲ್ಲಿ ಚರ್ಮದ ನಡುಭಾಗವೇ ಹೆಚ್ಚು ಏರಿಳಿಯುತ್ತದೆ. ಅಲ್ಲಿ ಭಾರ ಕೂತರೆ ಆ ಕಂಪನ ನಿಧಾನವಾಗುತ್ತದೆ. ಎರಡನೆಯ ಕಂಪನದಲ್ಲಿ ಚರ್ಮ ಎರಡು ಹೋಳಾಗಿ ಆಡುತ್ತದೆ, ನಡುವಿನ ಗೆರೆ ಅಲುಗುವುದಿಲ್ಲ. ಹಾಗಾಗಿ ಕರಣೆಯ ಭಾರ ಅದನ್ನು ಅಷ್ಟಾಗಿ ತಡೆಯದು. ಮೂಲ ಕೆಳಗಿಳಿದದ್ದರಿಂದ 1.59ರ ಅನುಪಾತ 2ಕ್ಕೆ ಏರುತ್ತದೆ, 2.14 ಮತ್ತು 2.30 ಎರಡೂ 3ಕ್ಕೆ ಬಂದು ಸೇರುತ್ತವೆ. ಹೀಗೆ ಒಂಬತ್ತು ಬಗೆಯ ಕಂಪನಗಳು 1, 2, 3, 4, 5 ಎಂಬ ಐದೇ ಕಂಪನಾಂಕಗಳಿಗೆ ಒಗ್ಗೂಡುತ್ತವೆ ಎಂದು ರಾಮನ್ ತೋರಿಸಿದರು. ಅದಕ್ಕಿಂತ ಮೇಲಿನವನ್ನು ಅಂಚಿನ ಚರ್ಮದ ಬಳೆ ಅಡಗಿಸುತ್ತದೆ.

ಮೃದಂಗದ 'ನಂ' ಎಂಬ ಪೆಟ್ಟನ್ನು ನುಡಿಸುವಾಗ ವಾದಕರ ಉಂಗುರದ ಬೆರಳು ಮುಚ್ಚಿಗೆಯ ಮೇಲೆ ಹಗುರಾಗಿ ನಿಂತಿರುತ್ತದೆ, ತೋರುಬೆರಳು ಅಂಚಿಗೆ ಹೊಡೆಯುತ್ತದೆ. ಆ ನಿಂತ ಬೆರಳು ಮೂಲ ಕಂಪನವನ್ನು ಹತ್ತಿಕ್ಕುತ್ತದೆ; ಬೆರಳಿನ ಜಾಗದಲ್ಲಿ ಅಲುಗದ ಗೆರೆಯುಳ್ಳ ಕಂಪನಗಳಷ್ಟೇ ಉಳಿದು ಕೇಳಿಸುತ್ತವೆ. ಗುರುವಿನ ಕೈ ನೋಡಿ ಕಲಿತ ಈ ಬೆರಳಿನ ನಿಲುವು ಭೌತವಿಜ್ಞಾನದ ಲೆಕ್ಕಕ್ಕೆ ಕರಾರುವಾಕ್ಕಾಗಿ ಕೂಡುವುದು ನನಗೆ ಇಡೀ ಕಥೆಯ ಅತ್ಯಂತ ಸೊಗಸಾದ ಭಾಗ.

ಮರಳಿನ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಧ್ವನಿಮುದ್ರಿಕೆಯನ್ನು ಕಂಪನಾಂಕಗಳಾಗಿ ಬಿಡಿಸಿ, ಯಾವ ಕ್ಷಣದಲ್ಲಿ ಯಾವ ಪೆಟ್ಟು ಬಿತ್ತೆಂದು ಗುರುತಿಸುವ ವಿಧಾನವನ್ನು ಮದ್ರಾಸ್ ಐಐಟಿಯ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಅದಕ್ಕೆ ಆಧಾರವಾದದ್ದು ರಾಮನ್ ಗುರುತಿಸಿದ ಕಂಪನಗಳೇ.

ನೊಬೆಲ್ ತಂದುಕೊಟ್ಟ ಬೆಳಕಿನ ಸಂಶೋಧನೆಯ ಪ್ರಭೆಯಲ್ಲಿ ರಾಮನ್ ಅವರ ಈ ಕೆಲಸ ಮರೆಯಾಗಿದೆ. ಕರಣೆ ಹಚ್ಚಿದ ಕುಶಲಕರ್ಮಿಗಳಂತೂ ಹೆಸರೇ ಇಲ್ಲದೆ ಉಳಿದರು. ಸಮೀಕರಣವಿಲ್ಲದೆ, ಕಿವಿಯೊಂದನ್ನೇ ನಂಬಿ ಉತ್ತರ ಕಂಡುಕೊಂಡವರು ಅವರೇ. 1934ರ ಆ ಲೇಖನ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೃದಂಗ ಕಲಿಯುವ ಮಕ್ಕಳಿರುವ ಮನೆಯವರು ಅದನ್ನೊಮ್ಮೆ ತೆರೆದು, ಮರಳಿನ ಚಿತ್ರಗಳನ್ನು ಅವರಿಗೆ ತೋರಿಸಿ.